ಬಂಡೆಯ ಹಿಂಬದಿಯ ಇನ್ನೂರ ನಲವತ್ತು ಗಿಡಗಳು

ಫೆಬ್ರವರಿ 3, ಸೋಮವಾರ

ಈ ಮೂಲಕ ಸಮಸ್ತ ಪ್ರಜೆಗಳಿಗೂ, ಅಂದರೆ ನನಗೊಬ್ಬಳಿಗೆ, ತಿಳಿಯಪಡಿಸುವುದೇನೆಂದರೆ: ಮೊನ್ನೆ ಶನಿವಾರ ಬೆಳಿಗ್ಗೆ ಹತ್ತೂಕಾಲಕ್ಕೆ, ಸಸ್ಯ ಸಮೀಕ್ಷಾ ಕಚೇರಿಯ ಕಿರಿಯ ಎಣಿಕೆದಾರಳಾದ ನನ್ನ ಎಡಗಾಲು ಕರ್ತವ್ಯನಿರತವಾಗಿದ್ದಾಗ ಹರಡಿನ ಬಳಿ ಮುರಿದು ಇತಿಹಾಸ ಸೇರಿತು. ಸದರಿ ಕಾಲಿಗೆ ಬಿಳಿ ಪಟ್ಟಾಭಿಷೇಕವಾಗಿದೆ. ಆಳ್ವಿಕೆಯ ಅವಧಿ ಆರು ವಾರ.

ರಾಜಧಾನಿ: ಅಕ್ಕನ ಹೊಲಿಗೆ ಕೋಣೆ. ಮೂರನೇ ಮಹಡಿ, ಅರವತ್ತಾರು ಮೆಟ್ಟಿಲು. ಲಿಫ್ಟ್ ಎಂಬುದು ಈ ಕಟ್ಟಡ ಕಟ್ಟಿದವನ ಕನಸಿನಲ್ಲೂ ಬಂದಿರಲಿಲ್ಲ. ಭಾವ ಮತ್ತು ಕೆಳಮನೆಯ ಬೀಗ ರಿಪೇರಿಯವರು ನನ್ನನ್ನು ಕುರ್ಚಿ ಸಮೇತ ಹೊತ್ತು ತಂದರು. ಎರಡನೇ ಮಹಡಿಯ ತಿರುವಿನಲ್ಲಿ ನಾನು ಪ್ರಜೆಗಳತ್ತ ಕೈಬೀಸಿದೆ.

"ಕೈ ಒಳಗಿಟ್ಕೊ. ಇಲ್ದಿದ್ರೆ ಇಲ್ಲೇ ಇಳಿಸಿ ಹೋಗ್ತೀನಿ," ಎಂದರು ಭಾವ.

ಮಂಚದ ಬಲಕ್ಕೆ ಹೊಲಿಗೆ ಯಂತ್ರ, ಎಡಕ್ಕೆ ಬಟ್ಟೆ ಕತ್ತರಿಸುವ ಮೇಜು, ಕಾಲದೆಸೆಗೆ ತಲೆಯಿಲ್ಲದ ಗೊಂಬೆ. ಗೊಂಬೆಯ ಮೈಮೇಲೆ ಯಾರದೋ ಅರ್ಧ ಕೋಟು. ಕಿಟಕಿ ತೆರೆದರೆ ಪಕ್ಕದ ಕಟ್ಟಡದ ಗೋಡೆ, ಗೋಡೆಯ ಮೇಲೊಂದು ಕೊಳವೆ. ಕೈ ಚಾಚಿದರೆ ಕೊಳವೆಯ ಕೈ ಕುಲುಕಬಹುದು. ಕುಲುಕಿದೆ. ತಣ್ಣಗಿತ್ತು.

"ಅದ್ಯಾವ ಗಿಡ ಎಣಿಸೋಕೆ ಹೋಗಿ ಬಿದ್ಯೇ?" ಎಂದಳು ಅಕ್ಕ, ಬಾಯಲ್ಲಿ ಮೂರು ಗುಂಡುಸೂಜಿ ಕಚ್ಚಿಕೊಂಡು.

"ಕಾಡು ಲೋಳೆಸರ."

"ಲೋಳೆಸರನಾ? ನಮ್ಮ ಬಾಲ್ಕನಿಯ ಪೇಂಟ್ ಡಬ್ಬದಲ್ಲೇ ಇದ್ಯಲ್ಲೇ! ದಿನಾ ಮುಖಕ್ಕೆ ಹಚ್ಕೋತೀನಿ. ಇಲ್ಲೇ ಕೂತು ಎಣಿಸಿದ್ರೆ ಆಗ್ತಿರ್ಲಿಲ್ವಾ?"

ಅದು ಬೇರೆ, ಇದು ಬೇರೆ ಎಂದು ವಿವರಿಸಿದೆ. ಈ ಜಾತಿ ಇಡೀ ಭೂಮಿಯ ಮೇಲೆ ಒಂದೇ ಬೆಟ್ಟದ ಒಂದೇ ಬಂಡೆಯಲ್ಲಿದೆ. ಗೇಣುದ್ದದ ಕಿರಿದಾದ ಎಲೆ, ಮೈತುಂಬ ಬಿಳಿ ಚುಕ್ಕೆ, ಅಂಚಿಗೆ ಹಾಲುಹಲ್ಲಿನಂಥ ಮುಳ್ಳು. ಬಂಡೆಯ ಬಿರುಕು ಮತ್ತು ಮುಂಜಾವಿನ ಮಂಜು ಇದ್ದರೆ ಸಾಕು. ಮುತುವರ್ಜಿಯಿಂದ ಕುಂಡದಲ್ಲಿಟ್ಟು ನೀರು ಹಾಕಿದರೆ ಕೊಳೆತು ಸಾಯುತ್ತದೆ.

"ಅಷ್ಟು ಸೊಕ್ಕಾ ಅದಕ್ಕೆ?" ಎಂದಳು.

ಫೆಬ್ರವರಿ 4, ಮಂಗಳವಾರ

ದಿನಚರಿಗೂ ಸುಳ್ಳು ಹೇಳಿದರೆ ಸುಳ್ಳಿನ ಮರ್ಯಾದೆಯೇ ಹೋಗುತ್ತದೆ. ಆದ್ದರಿಂದ ನಿನ್ನೆಯ ‘ಕರ್ತವ್ಯನಿರತ’ ಎಂಬ ಪದಕ್ಕೆ ತಿದ್ದುಪಡಿ.

ಬಂಡೆಯ ಮುಂಬದಿಯ ಗಿಡಗಳನ್ನು ನಮ್ಮ ಕಚೇರಿಯ ಮುಖ್ಯಸ್ಥೆ, ಮೇಡಂ, ಹತ್ತೊಂಬತ್ತು ವರ್ಷಗಳಿಂದ ಎಣಿಸುತ್ತಿದ್ದಾರೆ. ಈಗ ಮೂವತ್ತೊಂದು ಇವೆ. ಹಿಂಬದಿಯನ್ನು ಯಾರೂ ಎಣಿಸಿಲ್ಲ. ಅಲ್ಲಿ ಬಂಡೆಯ ನೆತ್ತಿ ಸೂರಿನ ಹಾಗೆ ಮುಂದಕ್ಕೆ ಚಾಚಿದೆ; ಹಗ್ಗ ಕಟ್ಟಿಕೊಂಡು ಇಳಿಯದೆ ಒಂದೆಲೆಯೂ ಕಾಣದು. ಕಚೇರಿಯಲ್ಲಿ ಹಗ್ಗದ ತರಬೇತಿಯಾದವಳು ನಾನೊಬ್ಬಳೇ. ನಿಯಮ ಹೀಗಿದೆ: ಇಳಿದವರು ಒಂದೊಂದೇ ಗಿಡ ಎಣಿಸಿ ಸಂಖ್ಯೆ ಕೂಗಬೇಕು, ಮೇಲಿರುವವರು ಅದನ್ನೇ ಮರುಕೂಗಿ ಬರೆದುಕೊಳ್ಳಬೇಕು, ಕೊನೆಗೆ ಇಬ್ಬರೂ ಸಹಿ ಹಾಕಬೇಕು.

ಮೇಲಿದ್ದವನು ದುರ್ಬೀನು. ಇದು ಹೆತ್ತವರು ಇಟ್ಟ ಹೆಸರಲ್ಲ. ಕತ್ತಿನಲ್ಲಿ ಸದಾ ದುರ್ಬೀನು ನೇತುಹಾಕಿಕೊಂಡು ಕಾಲಬುಡದ ಕಲ್ಲಿಗೆ ಎಡವುವವನಿಗೆ ನಾನು ದಯಪಾಲಿಸಿದ ಬಿರುದು.

ಹದಿನೈದು ಅಡಿ ಇಳಿದೆ. ಸೂರಿನ ಕೆಳಗೆ ಇನ್ನೂ ಇಣುಕಿರಲಿಲ್ಲ. ಆದರೂ ಸಭಿಕರು ಕಾದಿರುವರೆಂದು ಭಾವಿಸಿ, "ಮಾನ್ಯ ಮುಳ್ಳುಗಳೇ, ಮಾನ್ಯ ಚುಕ್ಕೆಗಳೇ, ಕೊನೆಗೂ ಸರ್ಕಾರ ನಿಮ್ಮ ಮನೆ ಬಾಗಿಲಿಗೆ ಬಂದಿದೆ" ಎಂದು ಭಾಷಣ ಶುರುಮಾಡಿದೆ. ಕೊನೆಯಲ್ಲಿ ಎರಡೂ ಕೈ ಬಿಟ್ಟು ಒಂದು ಸೆಲ್ಯೂಟ್ ಹೊಡೆದೆ. ಹಗ್ಗ ಗಿರ್ರನೆ ತಿರುಗಿತು. ಬಂಡೆ ಬಂದು ನನ್ನ ಕಾಲಿಗೆ ಹೊಡೆಯಿತು.

ಎಳೆದು ಮೇಲೆ ಮಲಗಿಸಿದ ಮೇಲೆ ದುರ್ಬೀನು ಕೇಳಿದ್ದೇನು? "ಎಷ್ಟಿದ್ವೇ?" ಕಾಲು ಮುರಿದುಕೊಂಡವಳನ್ನು ಕೇಳುವ ಪ್ರಶ್ನೆಯೇ ಅದು? "ಇನ್ನೂರ ನಲವತ್ತು" ಎಂದೆ. ಎತ್ತು ಕರು ಹಾಕಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಪೈಕಿ ಅವನು. ಬರೆದುಕೊಂಡ. ಕೆಳಗಿನಿಂದ ಬಂದ ನನ್ನ ಭಾಷಣದ ಗೊಣಗನ್ನೇ ಎಣಿಕೆ ಎಂದುಕೊಂಡಿದ್ದನಂತೆ. ಒಂದನ್ನೂ ಮರುಕೂಗಿರಲಿಲ್ಲ.

ಆಸ್ಪತ್ರೆಗೆ ಹಾಳೆ ತಂದ. ನಾನು ಸಹಿ ಹಾಕಿ, ಕೆಳಗೆ ಎರಡು ಗೆರೆ ಎಳೆದೆ. ನೋವಿನ ಮದ್ದಿನ ಮಂಪರಿತ್ತು ಎಂದು ಬರೆಯಬಹುದು. ಬರೆದರೆ ಇನ್ನೊಂದು ತಿದ್ದುಪಡಿ ಬೇಕಾಗುತ್ತದೆ. ನಾನು ನಗುತ್ತಿದ್ದೆ.

ಗುರುವಾರ ಮೇಡಂ ಬರುತ್ತಾರಂತೆ. ಆಗ ಹೇಳಿ, ಒಂದು ಬೈಗುಳ ತಿಂದು, ಕಡತ ಮುಚ್ಚಿದರಾಯಿತು.

ಫೆಬ್ರವರಿ 6, ಗುರುವಾರ

ಮೇಡಂ ಬಂದರು. ಐವತ್ತೇಳು ವರ್ಷ, ಒಣಕಡ್ಡಿಯಂಥ ಮೈ, ಅರವತ್ತಾರು ಮೆಟ್ಟಿಲಿಗೆ ಒಂದು ಏದುಸಿರಿಲ್ಲ. ಇವರು ನಗುವುದನ್ನು ನಾನು ನೋಡಿರಲಿಲ್ಲ. ಹೋದ ವರ್ಷ ನಾನು ಗಿಡದ ಮಾದರಿಗಳ ಕೋಣೆಯಲ್ಲಿ ಪ್ಲಾಸ್ಟಿಕ್ ಗಿಡವೊಂದನ್ನಿಟ್ಟು, ಉದ್ದನೆಯ ಶಾಸ್ತ್ರೀಯ ಹೆಸರಿನ ಚೀಟಿ ಅಂಟಿಸಿದ್ದೆ. ಅವರು ಅದರ ಎಲೆಯ ಬಗ್ಗೆ ಅರ್ಧ ಪುಟ ಟಿಪ್ಪಣಿ ಬರೆದ ಮೇಲೆ ತಳದಲ್ಲಿ ಅಂಗಡಿಯ ಮುದ್ರೆ ಕಂಡಿತು. ಇಡೀ ಕಚೇರಿ ಹೊಟ್ಟೆ ಹಿಡಿದುಕೊಂಡಿತು. ಅವರು ಟಿಪ್ಪಣಿಯನ್ನು ನಾಲ್ಕಾಗಿ ಹರಿದು ಕೈ ತೊಳೆದುಕೊಂಡು ಬಂದರು.

ಇವತ್ತು ಬಂದವರೇ ಹೊಲಿಗೆ ಯಂತ್ರದ ಸ್ಟೂಲಿನ ಮೇಲೆ ಕುಳಿತು ನನ್ನ ಪ್ಲಾಸ್ಟರನ್ನು ಸವರಿದರು.

"ಹತ್ತೊಂಬತ್ತು ವರ್ಷ ನಾನು ಬರೆದದ್ದೆಲ್ಲ ಇಳಿಯೋ ಲೆಕ್ಕನೇ ಕಣೇ. ಅರವತ್ತಿತ್ತು, ನಲವತ್ತೈದಾಯ್ತು, ಮೂವತ್ತೊಂದಾಯ್ತು. ಪ್ರತಿ ಸಲ ಸಾವಿನ ಮನೆಗೆ ಹೋಗಿ ಬಂದ ಹಾಗೆ. ಇನ್ನೂರ ನಲವತ್ತು! ಅಷ್ಟೂ ನನ್ನ ಬೆನ್ನ ಹಿಂದೆನೇ ಇದ್ವು. ನಾನು ಮುಂದೆ ನಿಂತು ಅಳ್ತಿದ್ದೆ, ಅವು ಹಿಂದೆ ನಗ್ತಿದ್ವು."

ಆಮೇಲೆ ನಕ್ಕರು. ಮೇಲಿನ ಸಾಲಿನಲ್ಲಿ ಒಂದು ಹಲ್ಲು ಇಲ್ಲ ಎಂಬುದು ಮೂರು ವರ್ಷದ ನೌಕರಿಯಲ್ಲಿ ಇವತ್ತು ತಿಳಿಯಿತು.

ನಾನು ಬಾಯಿ ತೆರೆದೆ. "ನನ್ನ ಕರ್ತವ್ಯ, ಮೇಡಂ" ಎಂಬ ಮಾತು ಹೊರಬಂತು.

ಫೆಬ್ರವರಿ 7, ಶುಕ್ರವಾರ

ಕೊಳವೆಯಲ್ಲಿ ಯಾರದೋ ಸ್ನಾನದ ನೀರು ಇಳಿದು ಹೋಯಿತು. ಕೊಳವೆಗೆ ನಿಜ ಹೇಳಿದೆ. ಅದು ಯಾರಿಗೂ ಹೇಳುವುದಿಲ್ಲ.

ಫೆಬ್ರವರಿ 12, ಬುಧವಾರ

ಈ ದಿನದ ಆಸ್ಥಾನದಲ್ಲಿ ದುರ್ಬೀನು ದರ್ಶನ. ಬರುವಾಗಲೇ ಗೊಂಬೆಗೆ ಡಿಕ್ಕಿ ಹೊಡೆದು ಅದಕ್ಕೆ "ಸಾರಿ" ಎಂದ. ಜೊತೆಗೆ ಸುದ್ದಿ ತಂದ.

ಬೆಟ್ಟದಲ್ಲಿ ರಸ್ತೆ ಮಾಡಲು ಬಂಡೆಯ ಮುಂಬದಿಯನ್ನು ಸಿಡಿಸುವ ಯೋಜನೆಯಿದೆಯಲ್ಲ, ಅದರ ಸಮಿತಿಗೆ ನಮ್ಮ ವರದಿ ಮಾರ್ಚ್ ಇಪ್ಪತ್ತರೊಳಗೆ ಹೋಗಬೇಕಂತೆ. ಹೂಬಿಡುವ ವಯಸ್ಸಿನ ಗಿಡಗಳು ಐವತ್ತಕ್ಕಿಂತ ಕಡಿಮೆಯಿದ್ದರೆ ‘ಅಳಿವಿನ ಅಂಚು’: ಬಂಡೆಯನ್ನು ಯಾರೂ ಮುಟ್ಟುವಂತಿಲ್ಲ. ಐವತ್ತರಿಂದ ಇನ್ನೂರೈವತ್ತಾದರೆ ‘ಅಪಾಯ’: ಒಂದು ವರ್ಷ ಕೆಲಸ ನಿಲ್ಲಿಸಿ ಮತ್ತೆ ಎಣಿಸಬೇಕು. ಇನ್ನೂರೈವತ್ತು ದಾಟಿದರೆ ‘ಗಮನವಿರಲಿ’: ಮುಂಬದಿ ಸಿಡಿಸಬಹುದು, ವಂಶ ಬೆಳೆಸಲು ಹಿಂಬದಿಯ ಗಿಡಗಳು ಸಾಕು.

ಮೂವತ್ತೊಂದಕ್ಕೆ ಇನ್ನೂರ ನಲವತ್ತು ಕೂಡಿಸಲು ನನಗೆ ದುರ್ಬೀನಿನ ಸಹಾಯ ಬೇಕಿರಲಿಲ್ಲ.

"ಮೇಡಂ ಏನಂದ್ರು?"

"ಮುಂದಿನ ಮೂವತ್ತೊಂದು ಹೋಗುತ್ತೆ, ಹೊಟ್ಟೆ ಉರಿಯುತ್ತೆ, ಆದ್ರೆ ಇದ್ದದ್ದನ್ನ ಇಲ್ಲ ಅಂತ ಹೇಗೆ ಬರೀಲಿ ಅಂದ್ರು. ಒಬ್ಬೊಬ್ಬರ ಹತ್ರ ಹೋಗಿ ಬೀಳ್ಕೊಂಡ ಹಾಗೆ ಆ ಮೂವತ್ತೊಂದರದ್ದೂ ಫೋಟೋ ತೆಗೀತಿದಾರೆ."

ಆಗ ಹೇಳಿದೆ. ಸೂರಿನ ಕೆಳಗೆ ನಾನು ಇಣುಕಿಯೇ ಇಲ್ಲ ಎಂದು. ದುರ್ಬೀನು ಮೊದಲು ನಕ್ಕ. ಆಮೇಲೆ ನಿಲ್ಲಿಸಿದ. ಆಮೇಲೆ ಎದ್ದು ಬಾಗಿಲು ಹಾಕಿ ಬಂದ.

"ಏಪ್ರಿಲ್‌ನಲ್ಲಿ ನನ್ನ ಕೆಲಸ ಕಾಯಂ ಆಗುತ್ತೆ ಕಣೇ. ಏಳು ವರ್ಷದಿಂದ ‘ತಾತ್ಕಾಲಿಕ’ ಅಂತ ಚೀಟಿ ಕೊರಳಿಗೆ ಹಾಕ್ಕೊಂಡು ಓಡಾಡಿದೀನಿ. ಮರುಕೂಗದೆ ಬರೆದೆ ಅಂತ ಗೊತ್ತಾದ್ರೆ ನನ್ನ ಕಥೆ ಏನು? ನೀನು ತಮಾಷೆ ಮಾಡ್ತಿದೀಯ ಅಲ್ವಾ?"

ನಾನು ಪ್ಲಾಸ್ಟರಿನ ಅಂಚು ಕೆರೆಯತೊಡಗಿದೆ.

"ತಮಾಷೆ ಅನ್ನೇ. ನಿನ್ನ ದಮ್ಮಯ್ಯ, ತಮಾಷೆ ಅನ್ನು."

"ತಮಾಷೆ," ಎಂದೆ.

ಹೋಗುವಾಗ ಮತ್ತೆ ಗೊಂಬೆಗೆ ಡಿಕ್ಕಿ ಹೊಡೆದ. ಈ ಸಲ ಸಾರಿ ಹೇಳಲಿಲ್ಲ.

ಫೆಬ್ರವರಿ 18, ಮಂಗಳವಾರ

ಬಿಸಿತುಪ್ಪ. ನುಂಗುವಂತಿಲ್ಲ, ಉಗುಳುವಂತಿಲ್ಲ. ಆರು ದಿನ ಬಾಯಲ್ಲೇ ಇಟ್ಟುಕೊಂಡು ಇವತ್ತು ಉಗುಳಿದೆ. ಮೇಡಂಗೆ ಫೋನ್ ಮಾಡಿದೆ.

"ಮೇಡಂ, ಹಿಂಬದಿ ಎಣಿಕೆ ಸುಳ್ಳು. ನಾನು ಎಣಿಸೇ ಇಲ್ಲ."

ಆ ಕಡೆಯಿಂದ ನಗು.

"ಇದು ಎರಡನೇ ಪ್ಲಾಸ್ಟಿಕ್ ಗಿಡ ಅಲ್ವೇನೇ? ಈ ಸಲ ನಾನು ಬೀಳಲ್ಲ."

"ಇಲ್ಲ ಮೇಡಂ, ನಿಜವಾಗ್ಲೂ."

"ಆವತ್ತೂ ‘ನಿಜವಾಗ್ಲೂ ಇದು ಹೊಸ ಜಾತಿ ಮೇಡಂ’ ಅಂತ ಮುಖ ಗಂಭೀರ ಮಾಡಿ ಹೇಳಿದ್ದೆ. ಮಲಗಿ ಮಲಗಿ ಬೇಜಾರಾಗಿದೆ ನಿನಗೆ. ಪುಸ್ತಕ ಕಳಿಸ್ಲಾ?"

ಪುಸ್ತಕ ಬೇಡ ಎಂದೆ. ಅವರು ಇನ್ನೂ ನಗುತ್ತಲೇ ಫೋನಿಟ್ಟರು. ನನ್ನ ತಮಾಷೆಗೆ ಅವರು ನಕ್ಕದ್ದು ಇದೇ ಮೊದಲು. ಅದು ತಮಾಷೆಯಾಗಿರಲಿಲ್ಲ.

ಫೆಬ್ರವರಿ 19, ಬುಧವಾರ

ಬಾಯಿಮಾತಿಗೆ ಬೆಲೆಯಿಲ್ಲವೆಂದ ಮೇಲೆ ಲಿಖಿತ ಹೇಳಿಕೆಯೇ ಗತಿ. ಬೆಳಗಿನಿಂದ ಪತ್ರ ಬರೆಯುತ್ತಿದ್ದೇನೆ.

ಮೊದಲ ಕರಡು: "ಮಾನ್ಯರೇ, ಈ ಕೆಳಗೆ ಸಹಿ ಮಾಡಿರುವ ಪಾಪಿಷ್ಠೆಯು ವಿನಮ್ರವಾಗಿ ಅರಿಕೆ ಮಾಡಿಕೊಳ್ಳುವುದೇನೆಂದರೆ..." ಹರಿದೆ.

ಎರಡನೆಯದು: "ಸದರಿ ಬಂಡೆಯ ಸದರಿ ಹಿಂಬದಿಯಲ್ಲಿ ಸದರಿ ಗಿಡಗಳು..." ಹರಿದೆ.

ಮೂರನೆಯದು: "ಮೇಡಂ, ನಾನು ಎಣಿಸಲಿಲ್ಲ." ಇದನ್ನು ಬಹಳ ಹೊತ್ತು ನೋಡಿದೆ. ಯಾರೋ ಬಟ್ಟೆಯಿಲ್ಲದೆ ಬೀದಿಗೆ ಬಂದ ಹಾಗಿತ್ತು. ಅದರ ಮೈಮುಚ್ಚಲೆಂದು ಹಿಂದೆ ಒಂದು ವಾಕ್ಯ, ಮುಂದೆ ಒಂದು ವಾಕ್ಯ ಸೇರಿಸಿದೆ. ಸೇರಿಸುತ್ತಾ ಸೇರಿಸುತ್ತಾ ಎರಡು ಪುಟವಾಯಿತು. ಹಗ್ಗದ ಭಾಷಣ, ಸೆಲ್ಯೂಟ್, ದುರ್ಬೀನಿನ ಕೊಟ್ಟಿಗೆ, ಬಂಡೆ ಬಂದು ಹೊಡೆದದ್ದು. ದುರ್ಬೀನು ಮರುಕೂಗಲಿಲ್ಲ ಎನ್ನುವುದನ್ನು ಮಾತ್ರ ಬಿಟ್ಟೆ. ಚೆನ್ನಾಗಿಯೇ ಬಂದಿದೆ. ಅಕ್ಕ ಓದಿ ಎರಡು ಕಡೆ ನಕ್ಕಳು. ಭಾವನ ಕೈಯಲ್ಲಿ ಕಚೇರಿಗೆ ಕಳಿಸಿದೆ.

ಫೆಬ್ರವರಿ 25, ಮಂಗಳವಾರ

ದುರ್ಬೀನು ಫೋಟೋ ಕಳಿಸಿದ್ದಾನೆ. ಕಚೇರಿಯ ಸೂಚನಾ ಫಲಕ. ನಡುವೆ ನನ್ನ ಪತ್ರ, ನಾಲ್ಕು ಮೂಲೆಗೂ ಪಿನ್ನು. ಮೇಲೆ ಮೇಡಂ ಕೈಬರಹ: "ನಮ್ಮ ಗಾಯಾಳು ಚೇತರಿಸಿಕೊಳ್ಳುತ್ತಿದ್ದಾಳೆ. ಎಲ್ಲರೂ ಓದಿ ನಗಿ."

ಗುಮಾಸ್ತರು ಊಟದ ಹೊತ್ತಿನಲ್ಲಿ ಜೋರಾಗಿ ಓದಿದರಂತೆ. ಸೆಲ್ಯೂಟ್ ಬಂದಾಗ ಎಲ್ಲರೂ ಎದ್ದು ಸೆಲ್ಯೂಟ್ ಹೊಡೆದರಂತೆ.

ಫೋಟೋದ ಕೆಳಗೆ ದುರ್ಬೀನು ಬರೆದಿದ್ದ: "ಥ್ಯಾಂಕ್ಸ್ ಕಣೇ."

ಮಾರ್ಚ್ 1, ಶನಿವಾರ

ಪ್ಲಾಸ್ಟರಿನೊಳಗೆ ತುರಿಕೆ. ಅಕ್ಕನ ಅಳತೆಪಟ್ಟಿಯನ್ನು ಸುರುಳಿ ಮಾಡಿ ಒಳಗೆ ತೂರಿಸಿದೆ, ತುರಿಕೆಯವರೆಗೆ ಹೋಗಲಿಲ್ಲ. ಹೊಲಿಗೆ ಯಂತ್ರ ಬೆಳಗಿನಿಂದ ಓಡುತ್ತಿದೆ. ಕೋಣೆ ಒಂಬತ್ತು ಹೆಜ್ಜೆ ಉದ್ದ. ಹೆಜ್ಜೆ ಹಾಕಿ ಅಳೆದದ್ದಲ್ಲ, ಮಲಗಿ ಅಂದಾಜು ಮಾಡಿದ್ದು. ಈಗ ಅದನ್ನೂ ತಿದ್ದಬೇಕು: ಒಂಬತ್ತು ಎಂದು ಖಚಿತವಾಗಿ ಗೊತ್ತಿಲ್ಲ.

ಮಾರ್ಚ್ 5, ಬುಧವಾರ

ಅಕ್ಕನಿಗೆ ರಸ್ತೆಯ ಯೋಜನೆ ಸಮೇತ ಎಲ್ಲ ಹೇಳಿದೆ. ಅವಳು ಕೋಟಿನ ತೋಳು ಜೋಡಿಸುತ್ತಿದ್ದಳು.

"ಆ ಪತ್ರದಲ್ಲಿ ಇದ್ದದ್ದು ನಿಜನಾ?" ಎಂದು ಯಂತ್ರ ನಿಲ್ಲಿಸಿದಳು.

"ಅಕ್ಷರಶಃ."

"ಮತ್ಯಾಕೆ ನಗೋ ಹಾಗೆ ಬರೆದೆ?"

"ನಗೋ ಹಾಗೆ ಬರೀಲಿಲ್ಲ. ಬರೆದಾಗ ಹಾಗೆ ಆಯ್ತು."

ಹೊಲಿಗೆ ಬಿಚ್ಚುವ ಕೊಕ್ಕೆ ತೆಗೆದುಕೊಂಡು ತೋಳಿನ ದಾರ ಕೀಳತೊಡಗಿದಳು. "ನೋಡು, ನಿನ್ನ ಬಾಯಿ ಹೇಗೆ ಅಂದ್ರೆ, ನೀನು ಅತ್ತು ಹೇಳಿದ್ರೂ ಎದುರಿಗಿದ್ದವರು ಮುಂದೇನೋ ಇದೆ ಅಂತ ಕಾಯ್ತಾರೆ. ಚಿಕ್ಕವಳಿದ್ದಾಗ ಹೊಟ್ಟೆನೋವು ಅಂದ್ರೆ ಅಮ್ಮ ಮೊದಲು ಮಂಚದ ಕೆಳಗೆ ನೋಡೋಳು, ಏನು ಬಚ್ಚಿಟ್ಟಿದೀಯ ಅಂತ."

"ಹಾಗಾದ್ರೆ ಹೇಗೆ ಹೇಳೋದು?"

"ನನ್ನನ್ನ ಕೇಳಿದ್ರೆ? ತೋಳು ಉಲ್ಟಾ ಹಾಕಿದ್ರೆ ನಾನು ಗಿರಾಕಿಗೆ ಕಥೆ ಹೇಳಲ್ಲ. ಬಿಚ್ತೀನಿ." ಬಿಚ್ಚಿದ ತೋಳನ್ನು ಮೇಜಿನ ಮೇಲೆ ಹಾಕಿದಳು. ದಾರದ ತುಂಡು ಕೊಡವಿ, "ಬಂಡೆಯ ಮುಂದಿನ ಗಿಡ ಹೋಗಿ, ಹಿಂದೆ ಏನೂ ಇಲ್ದೆ ಇದ್ರೆ?" ಎಂದಳು.

ಯಂತ್ರ ಮತ್ತೆ ಶುರುವಾಯಿತು.

ಮಾರ್ಚ್ 7, ಶುಕ್ರವಾರ

ಮೇಡಂ ಮತ್ತೆ ಬಂದಿದ್ದರು. ಕೈಯಲ್ಲಿ ವರದಿಯ ಕೊನೆಯ ನಮೂನೆ. ನೆಲೆಯ ವಿವರ: ಬಿರುಕಿನ ಅಗಲ, ನೆರಳು, ತೇವ, ಗಿಡ ಬೆಳೆದಿರುವ ದಿಕ್ಕು. ಎಣಿಸಿದವರೇ ಹೇಳಬೇಕು, ಅವರು ತುಂಬಿಕೊಳ್ಳುತ್ತಾರೆ. ಕನ್ನಡಕ ಏರಿಸಿ, ಪೆನ್ನು ತೆರೆದು, ಕತ್ತರಿಸುವ ಮೇಜಿನ ಮೇಲೆ ಹಾಳೆ ಹರಡಿದರು.

"ಹೇಳು. ಮುಂಬದಿಯವು ಮೇಲ್ಮುಖವಾಗಿ ಬೆಳೀತವೆ. ಹಿಂಬದಿಯವು ಹೇಗಿದ್ವು? ತಲೆ ಯಾವ ಕಡೆ?"

"ಗೊತ್ತಿಲ್ಲ," ಎಂದೆ.

ಅವರು ಕಾದರು. ಅಕ್ಕ ಹೇಳಿದ್ದು ಸರಿ, ಎಲ್ಲರೂ ಕಾಯುತ್ತಾರೆ. ನನ್ನ ಬಾಯಿಗೆ ಐದಾರು ಉತ್ತರ ಬಂದಿದ್ದವು. ಒಂದನ್ನೂ ಆಡಲಿಲ್ಲ. ಯಂತ್ರದ ಸದ್ದು ನಿಂತಿತ್ತು.

"ಬಿರುಕು ಎಷ್ಟು ಅಗಲ?"

"ಗೊತ್ತಿಲ್ಲ."

"ನೆರಳು?"

"ಗೊತ್ತಿಲ್ಲ ಮೇಡಂ. ನಾನು ನೋಡಿಲ್ಲ."

ಅವರು ನನ್ನ ಮುಖವನ್ನು ನೋಡಿದರು. ಅಂಗಡಿಯ ಮುದ್ರೆ ಹುಡುಕುವ ಹಾಗೆ, ಅಂಚಂಚು. ಆಮೇಲೆ ಪೆನ್ನಿನ ಮುಚ್ಚಳ ಹಾಕಿದರು. ಅದು ಸರಿಯಾಗಿ ಕೂರಲಿಲ್ಲ, ತೆಗೆದು ಮತ್ತೆ ಹಾಕಿದರು.

"ಒಂದಾದ್ರೂ ನೋಡಿದ್ಯಾ?"

"ಇಲ್ಲ."

"ಒಂದೂ?"

"ಇಲ್ಲ."

ಬೈಯಲಿಲ್ಲ. ಹಾಳೆಗಳನ್ನು ಜೋಡಿಸಿ, ಅಂಚು ಸಮ ಮಾಡಿ, ಚೀಲಕ್ಕೆ ಹಾಕಿಕೊಂಡರು. ಅಕ್ಕ ನೀರು ತಂದಳು. ಪೂರ್ತಿ ಕುಡಿದು ಲೋಟ ಕೊಟ್ಟರು. ಬಾಗಿಲ ಬಳಿ ನಿಂತು, "ನಾನೇ ನಂಬೋಕೆ ಬಹಳ ಆತುರ ಮಾಡಿದೆ," ಎಂದು ಗೊಂಬೆಗೆ ಹೇಳಿದ ಹಾಗೆ ಹೇಳಿ ಹೋದರು.

ಕೆಳಗಿನ ಬಾಗಿಲು ಮುಚ್ಚಿದ್ದು ಕೇಳಿಸಿತು. ಅರವತ್ತಾರು ಮೆಟ್ಟಿಲಿಗೆ ಬಹಳ ಹೊತ್ತು ಹಿಡಿಯಿತು.

ಮಾರ್ಚ್ 8, ಶನಿವಾರ

ಏನಿಲ್ಲ.

ಮಾರ್ಚ್ 11, ಮಂಗಳವಾರ

ದುರ್ಬೀನು ಫೋನ್ ಮಾಡಿದ. ಮೇಡಂ ತಮ್ಮ ಕೈಯಾರೆ ಹಳೆಯ ಎಣಿಕೆ ಹಾಳೆಯ ಮೇಲೆ ಅಡ್ಡಗೆರೆ ಎಳೆದಿದ್ದಾರೆ. ಮರುಕೂಗಿದೆಯಾ ಎಂದು ಅವನನ್ನು ಕೇಳಿದರಂತೆ. ಇವನು ಇಲ್ಲ ಎಂದನಂತೆ. ಕಾಯಂ ಆಗುವುದು ಒಂದು ವರ್ಷ ಮುಂದಕ್ಕೆ ಹೋಗಿದೆ. ಫಲಕದಿಂದ ನನ್ನ ಪತ್ರ ತೆಗೆದಿದ್ದಾರೆ.

"ನಾನು ನಿನ್ನ ಬಗ್ಗೆ ಏನೂ ಹೇಳ್ಲಿಲ್ಲ," ಎಂದೆ.

"ಗೊತ್ತು. ನೀನು ಹೇಳಿದ್ರೆ ಬೈಯೋಕಾದ್ರೂ ಆಗ್ತಿತ್ತು," ಎಂದು ಇಟ್ಟುಬಿಟ್ಟ.

ಇನ್ನೊಂದು ಮಾತು ಮೊದಲೇ ಹೇಳಿದ್ದ: ಸಮಿತಿ ಗಡುವು ಮುಂದೂಡಲು ಒಪ್ಪಿಲ್ಲ. ಹಗ್ಗ ಗೊತ್ತಿದ್ದವಳ ಕಾಲು ಪ್ಲಾಸ್ಟರಿನಲ್ಲಿದೆ. ಮೇಡಂ ಅಗ್ನಿಶಾಮಕದವರ ಹತ್ತಿರ ಹೋಗಿ ದಿನಾ ಬೆಳಿಗ್ಗೆ ಹಗ್ಗದಲ್ಲಿ ಇಳಿಯುವುದನ್ನು ಕಲಿಯುತ್ತಿದ್ದಾರಂತೆ. ಐವತ್ತೇಳು ವರ್ಷಕ್ಕೆ.

ಮಾರ್ಚ್ 15, ಶನಿವಾರ

ಪ್ಲಾಸ್ಟರ್ ತೆಗೆದರು. ಒಳಗಿದ್ದ ಕಾಲು ನನ್ನದೆಂದು ಹೇಳಲಾಗದಷ್ಟು ಸಣ್ಣಗಾಗಿದೆ, ಚರ್ಮ ಸಿಪ್ಪೆ ಏಳುತ್ತಿದೆ. ಊರುಗೋಲಿನಲ್ಲಿ ಒಂದೊಂದೇ ಮೆಟ್ಟಿಲು ಹತ್ತಿದೆ. ಭಾವ ಹಿಂದೆ ಬಂದರು.

ಸಂಜೆ ಮೇಡಂ ಫೋನ್.

"ಮಂಗಳವಾರ ಇಳೀತೀನಿ. ಮೇಲೆ ಬರೆದುಕೊಳ್ಳೋಕೆ ನೀನು ಬಾ."

"ನಾನಾ? ನನ್ನ ಸಹಿಗೆ ಈಗ..."

"ಬೇರೆಯವರು ಬೇಸರ ಬಂದು ಒಂದೆರಡು ಮರುಕೂಗದೆ ಬಿಟ್ಟಾರು. ನೀನು ಬಿಡಲ್ಲ."

ಅದನ್ನು ಹೊಗಳಿಕೆ ಎನ್ನಬೇಕೋ ಏನೋ ತಿಳಿಯಲಿಲ್ಲ. ಬರುತ್ತೇನೆ ಎಂದೆ.

ಮಾರ್ಚ್ 18, ಮಂಗಳವಾರ

ಬೆಟ್ಟದ ನೆತ್ತಿಯವರೆಗೆ ಜೀಪು ಹೋಗುತ್ತದೆ. ಅಲ್ಲಿಂದ ಬಂಡೆಯ ಅಂಚಿಗೆ ನಾನು ಊರುಗೋಲಿನಲ್ಲಿ ಹೋಗಲು ನಲವತ್ತು ನಿಮಿಷವಾಯಿತು. ಅಗ್ನಿಶಾಮಕದ ಇಬ್ಬರು ಹಗ್ಗ ಕಟ್ಟಿದರು. ದುರ್ಬೀನು ಹಗ್ಗದ ಮೂರನೇ ಆಳು. ನನ್ನ ಕಡೆ ನೋಡಲಿಲ್ಲ.

ಮೇಡಂ ಹೆಲ್ಮೆಟ್ ಹಾಕಿಕೊಂಡರು. ಪಟ್ಟಿ ಬಿಗಿದರು. "ಒಂದು ಬುಡ, ಒಂದು ಗಿಡ. ಸುತ್ತ ಎಷ್ಟೇ ಮರಿಯಿದ್ರೂ ಒಂದೇ. ಒಣಗಿದ ಹೂದಂಟು ಕಂಡ್ರೆ ಮಾತ್ರ ಕೂಗ್ತೀನಿ. ಮೂವತ್ತೆರಡರಿಂದ ಶುರು," ಎಂದರು. ಅಂಚಿನಲ್ಲಿ ಹಿಂದೆ ತಿರುಗಿ, ಬೆನ್ನು ಪ್ರಪಾತಕ್ಕೆ ಕೊಟ್ಟು, ಇಳಿದರು. ಒಮ್ಮೆಯೂ ಹಗ್ಗದಿಂದ ಕೈ ತೆಗೆಯಲಿಲ್ಲ.

ಬಹಳ ಹೊತ್ತು ಏನೂ ಕೇಳಿಸಲಿಲ್ಲ. ಸೂರಿನ ಕೆಳಗೆ ಒಂದೂ ಇಲ್ಲವೇ ಎಂದುಕೊಂಡೆ. ಆಮೇಲೆ ಕೆಳಗಿನಿಂದ, ಬಾವಿಯೊಳಗಿಂದ ಬಂದ ಹಾಗೆ: "ಇವೆ ಕಣೇ! ತಲೆ ಕೆಳಗಾಗಿ ನೇತಾಡ್ತಿವೆ, ಬಾವಲಿ ಥರ! ಮೂವತ್ತೆರಡು!"

"ಮೂವತ್ತೆರಡು!" ಎಂದು ಕೂಗಿ ಬರೆದೆ.

ಮೂವತ್ತಮೂರು. ಮೂವತ್ತನಾಲ್ಕು. ನಡುನಡುವೆ ಬಿರುಕಿನ ಅಗಲ, ನೆರಳು. ನಲವತ್ತೈದು. ನಲವತ್ತಾರು. ಹಗ್ಗದವರು ಸ್ವಲ್ಪ ಸ್ವಲ್ಪವೇ ಬಿಡುತ್ತಿದ್ದರು. ಹಗ್ಗದ ಲೆಕ್ಕದಲ್ಲಿ ಕೆಳಗೆ ಇನ್ನೂ ಎರಡಾಳುದ್ದ ಬಂಡೆ ಉಳಿದಿತ್ತು.

"ನಲವತ್ತೊಂಬತ್ತು!"

"ನಲವತ್ತೊಂಬತ್ತು!"

ಆಮೇಲೆ ಸದ್ದಿಲ್ಲ.

ಗಡಿಯಾರ ನೋಡಿದೆ, ಹನ್ನೊಂದು ಇಪ್ಪತ್ತು. ಹಗ್ಗ ಬಿಗಿಯಾಗಿತ್ತು, ಅಲುಗುತ್ತಿರಲಿಲ್ಲ. ದುರ್ಬೀನು ಮೊದಲ ಸಲ ನನ್ನ ಕಡೆ ತಿರುಗಿದ. ಅವನಿಗೂ ಲೆಕ್ಕ ಬರುತ್ತದೆ. ನಲವತ್ತೊಂಬತ್ತು ಎಂದರೆ ಬಂಡೆ ಉಳಿಯಿತು, ಎಂದೆಂದಿಗೂ.

"ಮುಗೀತಾ ಅಂತ ಕೇಳೇ," ಎಂದ ಮೆಲ್ಲಗೆ.

ಕೇಳಬಹುದಿತ್ತು. ನಾನು ಕೇಳಿದರೆ ಅವರು ಹೂಂ ಅನ್ನಬಹುದಿತ್ತು. ಅವರು ಇನ್ನೊಂದು ಸಂಖ್ಯೆ ಕೂಗಿದರೂ, ಗಾಳಿಗೆ ಕೇಳಿಸಲಿಲ್ಲ ಎಂದು ನಾನು ಅನ್ನಬಹುದಿತ್ತು. ಪೆನ್ನು ನನ್ನ ಕೈಯಲ್ಲೇ ಇತ್ತು. ನಾನು ಏನೂ ಕೇಳಲಿಲ್ಲ.

ನಾಲ್ಕು ನಿಮಿಷ. ಐದು. "ತಲೆ ಸುತ್ತಿರ್ಬೇಕು. ಎಳೆಯೋಣ್ವಾ?" ಎಂದರು ಅಗ್ನಿಶಾಮಕದ ಹಿರಿಯರು.

"ಬೇಡ," ಎಂದೆ. ಅಂಚಿನ ಕಡೆ ಬಾಗಿ, "ಮೇಡಂ?" ಎಂದು ಕೂಗಿದೆ.

"ಇದ್ದೀನಿ."

ಮತ್ತೆ ಸುಮ್ಮನಾದರು. ನಾನು ಪೆನ್ನನ್ನು ಹಾಳೆಗೆ ಊರಿ ಕಾದೆ. ಹನ್ನೊಂದು ಇಪ್ಪತ್ತೊಂಬತ್ತಕ್ಕೆ ದನಿ ಬಂತು. ಕೂಗಿದ್ದಲ್ಲ, ಹೇಳಿದ್ದು. ಆದರೂ ಕೇಳಿಸಿತು.

"ಐವತ್ತು. ಬರ್ಕೋ."

"ಐವತ್ತು!" ಎಂದೆ. ಅದು ಜೋರಾಗಿಯೇ ಬಂತು. ದುರ್ಬೀನು ತಲೆ ತಗ್ಗಿಸಿದ, ಹಗ್ಗ ಬಿಡಲಿಲ್ಲ.

"ಐವತ್ತೊಂದು."

"ಐವತ್ತೊಂದು!"

"ಐವತ್ತೆರಡು. ಮುಗೀತು. ಎಳೀರಿ."

ಮೇಲೆ ಬಂದವರು ಹೆಲ್ಮೆಟ್ ಕೂಡ ತೆಗೆಯದೆ ಕುಳಿತರು. ಮೊಣಕೈ ತರಚಿ ರಕ್ತ ಬಂದಿತ್ತು. ಹಾಳೆ ತೆಗೆದುಕೊಂಡು ಮೂವತ್ತೆರಡರಿಂದ ಕೊನೆಯವರೆಗೆ ಬೆರಳಿಟ್ಟು ಓದಿದರು. ಸಹಿ ಹಾಕಿ ನನಗೆ ಕೊಟ್ಟರು. ನಾನೂ ಹಾಕಿದೆ.

"ಒಂದು ವರ್ಷ ಸಿಗ್ತು," ಎಂದರು.

"ವರ್ಷ ಆದ್ಮೇಲೆ?" ಎಂದ ದುರ್ಬೀನು.

"ಆದ್ಮೇಲೆ ಮತ್ತೆ ಎಣಿಸ್ಬೇಕು."

ಈಗ ಮನೆಯಲ್ಲಿದ್ದೇನೆ. ಕಾಲು ಬಾತಿದೆ. ವರದಿಗೆ ಹಾಳೆಯ ಶುದ್ಧ ಪ್ರತಿ ಮಾಡುವ ಕೆಲಸ ನನಗೇ ಕೊಟ್ಟಿದ್ದಾರೆ. ಸಂಖ್ಯೆ, ಬಿರುಕು, ನೆರಳು, ದಿಕ್ಕು ಎಲ್ಲ ತುಂಬಿದ್ದಾಯಿತು. ನಲವತ್ತೊಂಬತ್ತಕ್ಕೂ ಐವತ್ತಕ್ಕೂ ನಡುವೆ ಒಂಬತ್ತು ನಿಮಿಷ ಎಂದು ಬರೆಯಲು ಆ ನಮೂನೆಯಲ್ಲಿ ಜಾಗವಿಲ್ಲ.